ಬೀಡಿನ ತುಂಡಿಗೂ ಒಂದು ಜಾತಕ

ಮೊದಲೇ ಹೇಳಿಬಿಡುತ್ತೇನೆ, ಈ ಸಲದ ಬರಹ ಪೂರ್ತಿ ತುಕ್ಕಿನ ಬಗ್ಗೆ. ಪುಣೆಯ ಗಣಪತಿ, ಬೆಳಗಾವಿಯ ಕುಂದಾ, ಮಗನ ಊರಿನ ಹಿಮ ಅಂತೆಲ್ಲ ನಿರೀಕ್ಷಿಸಿ ಬಂದವರು ದಯವಿಟ್ಟು ಮನ್ನಿಸಿ. ಮೂವತ್ತಮೂರು ವರ್ಷ ಭೋಸರಿಯ ಫೌಂಡ್ರಿಯಲ್ಲಿ ಬೀಡು ಕರಗಿಸಿ ಎರಕ ಹೊಯ್ದವನಿಗೆ ಒಮ್ಮೆಯಾದರೂ ತನ್ನ ಕಬ್ಬಿಣದ ಪರವಾಗಿ ವಾದ ಮಾಡುವ ಹಕ್ಕು ಇರಬೇಕು, ಅಲ್ವೇ?

ವಾದ ಇಷ್ಟೇ. ಹಳೇ ಕಾರನ್ನು "ರೆಸ್ಟೋರ್" ಮಾಡ್ತೀವಿ ಅಂತ ಹೊರಟವರು ಮೊದಮೊದಲೇ ಕಿತ್ತು ಗುಜರಿಗೆ ಹಾಕುವ ಸಾಮಾನುಗಳಲ್ಲಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಒಂದು. ಹಾಗೆ ಹಾಕಬಾರದು. ಬಿಚ್ಚಬೇಕು, ನೋಡಬೇಕು, ರಿಪೇರಿ ಆಗುತ್ತದೆಯೇ ಅಂತ ಪ್ರಾಮಾಣಿಕವಾಗಿ ಪ್ರಯತ್ನಿಸಬೇಕು. ಆಗಲ್ಲ ಅಂತ ಖಾತ್ರಿಯಾದ ಮೇಲೆ ಮಾತ್ರ ಬೇರೆಯದರ ಮಾತು. ಬಣ್ಣ ಹೊಡೆದ ಕಾರಿನ ಫೋಟೋ ತೆಗೆದು ಹೊಗಳುವವರು ಸಾವಿರ ಜನ ಸಿಗುತ್ತಾರೆ. ಬಾನೆಟ್ ಒಳಗೆ ಕೆಳಗಡೆ ಕೂತ ಈ ಕಂದು ಬಣ್ಣದ ತುಂಡಿಗೆ ವಕೀಲರಿಲ್ಲ. ಅದಕ್ಕೇ ನಾನು.

ಮ್ಯಾನಿಫೋಲ್ಡ್ ಅಂದರೇನು ಅಂತ ಕೇಳುವವರಿಗೆ: ಇಂಜಿನ್ನಿನ ಒಂದೊಂದು ಸಿಲಿಂಡರಿನಿಂದಲೂ ಸುಟ್ಟ ಹೊಗೆ ಹೊರಗೆ ಬರುತ್ತದಲ್ಲ, ಅದನ್ನೆಲ್ಲ ಒಟ್ಟುಗೂಡಿಸಿ ಒಂದೇ ಕೊಳವೆಗೆ ದಾಟಿಸುವ ಎರಕದ ತುಂಡು. ನಮ್ಮ ಗ್ಯಾರೇಜಿನವರು ಹಿಂದಿನ ಪೈಪು, ಡಬ್ಬಿ ಎಲ್ಲ ಸೇರಿಸಿ "ಸೈಲೆನ್ಸರ್" ಅಂತ ಒಂದೇ ಹೆಸರಲ್ಲಿ ಕರೆದುಬಿಡುತ್ತಾರೆ. ವಿ-8 ಇಂಜಿನ್ನಾದರೆ ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು ಸಿಲಿಂಡರ್. ಹಾಗಾಗಿ ಮ್ಯಾನಿಫೋಲ್ಡ್ ಎರಡು.

ನಾನು ಹೇಳಹೊರಟ ವಿ-8 ನಮ್ಮ ದೇಶದ್ದಲ್ಲ. 2024ರ ಬೇಸಿಗೆಯಲ್ಲಿ ಮಗನ ಮನೆಗೆ ಹೋಗಿದ್ದೆವು, ಡೆಟ್ರಾಯಿಟ್ ಹತ್ತಿರ. ಪಕ್ಕದ ಮನೆಯ ಯಜಮಾನರ ಗ್ಯಾರೇಜಿನಲ್ಲಿ 1967ರ ಪಾಂಟಿಯಾಕ್ ಜಿಟಿಓ. ಅವರ ತಂದೆ ಅದನ್ನು ಹೊಸದಾಗಿ ಕೊಂಡವರು. ಪಾಂಟಿಯಾಕ್ ಊರಿನ ಕಾರ್ ಕಾರ್ಖಾನೆಯಲ್ಲೇ ದುಡಿದವರು. ಈಗ ಅವರಿಲ್ಲ. ತಾಯಿಗೆ ಎಂಬತ್ತೇಳು.

ಜಿಟಿಓ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ಅಮೆರಿಕನ್ನರು "ಮಸಲ್ ಕಾರ್" ಅನ್ನುವ ಜಾತಿಯ ಮೂಲಪುರುಷ ಇದು ಅಂತ ಬಹಳ ಜನ ಒಪ್ಪುತ್ತಾರೆ. ಸೂತ್ರ ಸರಳ: ಮಧ್ಯಮ ಗಾತ್ರದ, ಸಾಧಾರಣ ಸಂಸಾರದ ಕಾರಿಗೆ ದೊಡ್ಡ ಕಾರಿನ ಇಂಜಿನ್ ಹಾಕು. ಮಧ್ಯಮ ಕಾರುಗಳಿಗೆ 330 ಘನ ಅಂಗುಲಕ್ಕಿಂತ ದೊಡ್ಡ ಇಂಜಿನ್ ಬೇಡ ಅಂತ ಜನರಲ್ ಮೋಟರ್ಸ್‌ನಲ್ಲೇ ಒಂದು ನಿಯಮ ಇತ್ತು. ಪಾಂಟಿಯಾಕ್ ವಿಭಾಗದ ಮುಖ್ಯ ಇಂಜಿನಿಯರ್ ಜಾನ್ ಡಿಲೋರಿಯನ್ ಮತ್ತು ಜೊತೆಗಾರರು ಏನು ಮಾಡಿದರು ಗೊತ್ತೇ? 389 ಘನ ಅಂಗುಲದ, ಅಂದ್ರೆ ಸುಮಾರು 6.4 ಲೀಟರಿನ ಇಂಜಿನ್ನನ್ನು ಬೇರೆ ಮಾಡೆಲ್ ಅಂತ ತೋರಿಸದೆ, ಟೆಂಪೆಸ್ಟ್ ಲೆಮಾನ್ಸ್ ಕಾರಿನ "ಆಪ್ಷನ್" ಅಂತ 1964ರಲ್ಲಿ ತೂರಿಸಿಬಿಟ್ಟರು. ಸರ್ಕಾರಿ ಕಚೇರಿಯಲ್ಲಿ ದುಡಿದವರಿಗೆ ಈ ಉಪಾಯ ಹೊಸದೇನಲ್ಲ :) ಮೊದಲ ವರ್ಷವೇ 32,450 ಕಾರು ಮಾರಾಟವಾದವು. 1966ರಲ್ಲಿ 96,946. 1967ಕ್ಕೆ ಇಂಜಿನ್ 400 ಘನ ಅಂಗುಲಕ್ಕೆ ಏರಿತು. ಆಮೇಲೆ ವಿಮೆ ಕಂತು, 1970ರ ವಾಯುಮಾಲಿನ್ಯ ಕಾಯಿದೆ, 1973ರ ಎಣ್ಣೆ ಬಿಕ್ಕಟ್ಟು, ಒಂದರ ಹಿಂದೊಂದು ಬಂದು ಆ ಜಾತ್ರೆ ಮುಗಿಯಿತು. ಪಾಂಟಿಯಾಕ್ ಹೆಸರನ್ನೇ 2010ರಲ್ಲಿ ಮುಚ್ಚಿದರು.

ಆ ಕಾರಿಗೆ ಬಂದಿದ್ದ ರೋಗ ಇದು: ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಟಿಕ್ ಟಿಕ್ ಟಿಕ್ ಅಂತ ಸದ್ದು. ಹತ್ತು ನಿಮಿಷ ಓಡಿದ ಮೇಲೆ ಸದ್ದು ಮಾಯ. ಟ್ಯಾಪೆಟ್ ಅಂತ ಎಲ್ಲರೂ ಹೇಳಿದ್ದರಂತೆ. ತಣ್ಣಗಿದ್ದಾಗ ಕೇಳಿ, ಬಿಸಿಯಾದಾಗ ನಿಲ್ಲುವ ಟಿಕ್ ಟಿಕ್ ಬಹಳ ಸಲ ಟ್ಯಾಪೆಟ್ ಅಲ್ಲ, ಮ್ಯಾನಿಫೋಲ್ಡ್. ಬೀಡು ಬಿಸಿಯಾಗಿ ಹಿಗ್ಗಿದಾಗ ಬಿರುಕೋ ಸಂದೋ ಮುಚ್ಚಿಕೊಳ್ಳುತ್ತದೆ. ತಣಿದರೆ ಮತ್ತೆ ಬಾಯಿ ಬಿಡುತ್ತದೆ. ಇದರ ಜೊತೆಗೆ ಹೀಟರ್ ಹಾಕಿದರೆ ಕಾರಿನೊಳಗೆ ಸಣ್ಣಗೆ ಹೊಗೆ ವಾಸನೆ, ಅರ್ಧ ಗಂಟೆಯಲ್ಲಿ ತಲೆನೋವು. ಅದು ಕೇಳಿ ನನಗೆ ಗಾಬರಿಯಾಯಿತು. ಅಮೆರಿಕದ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಬಂದದ್ದು 1975ರ ಮಾಡೆಲ್‌ಗಳಿಂದ. ಬಂದಿದ್ದರೂ ಅದು ಇರುವುದು ಮ್ಯಾನಿಫೋಲ್ಡ್ ದಾಟಿದ ಮೇಲೆ. 1967ರ ಇಂಜಿನ್ ಉಗುಳುವ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಧಾರಾಳ. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಮೂಗಿಗೆ ಬಡಿಯುವುದು ಹೊಗೆಯ ಉಳಿದ ಭಾಗ. ಇಂಥ ಕಾರಿನಲ್ಲಿ ಎಂಬತ್ತೇಳರ ಅಜ್ಜಿಯನ್ನು ಕೂರಿಸಿ, ಕಿಟಕಿ ಏರಿಸಿ, ಊರು ಸುತ್ತಿಸುವ ಯೋಜನೆ ಅವರದು.

ಯಾಕೆಂದರೆ ಆಗಸ್ಟ್ 17ಕ್ಕೆ ವುಡ್‌ವರ್ಡ್ ಡ್ರೀಮ್ ಕ್ರೂಸ್. 1995ರಿಂದ ನಡೆದು ಬಂದ ಹಳೇ ಕಾರುಗಳ ತೇರು ಅನ್ನಿ. ಫರ್ನ್‌ಡೇಲ್‌ನಿಂದ ಪಾಂಟಿಯಾಕ್ ಊರಿನ ತನಕ ವುಡ್‌ವರ್ಡ್ ರಸ್ತೆಯಲ್ಲಿ ನಿಧಾನಕ್ಕೆ ಹೋಗುವುದು, ಬರುವುದು, ಅಷ್ಟೇ. ಗಂಡ ಕೊಂಡ ಕಾರಿನಲ್ಲಿ ಆ ರಸ್ತೆಯಲ್ಲಿ ಇನ್ನೊಮ್ಮೆ ಹೋಗಬೇಕು ಅನ್ನುವುದು ಅಜ್ಜಿಯ ಆಸೆ. ಮಗ ಆಗಲೇ ಹೆಡರ್ ತರಿಸಿ ಡಬ್ಬಿ ಇಟ್ಟುಕೊಂಡಿದ್ದರು. ಹೆಡರ್ ಅಂದರೆ ಉಕ್ಕಿನ ತೆಳು ಕೊಳವೆಗಳನ್ನು ಬಾಗಿಸಿ ಬೆಸೆದು ಮಾಡಿದ ಬದಲಿ ಮ್ಯಾನಿಫೋಲ್ಡ್. ಎರಡು ದಿನದ ಕೆಲಸ. ನನ್ನ ಮಗನೂ ಅವರ ಪಕ್ಷ. "ಅಪ್ಪಾ, ಇಲ್ಲಿ ಯಾರೂ ಅಷ್ಟು ತಲಿ ಕೆಡಿಸ್ಕೊಳ್ಳೂದಿಲ್ಲ. ಡಬ್ಬಿ ಬಂದದ, ಹಚ್ಚಿಬಿಡೂದು." ನಾನು ಒಪ್ಪಲಿಲ್ಲ. ಹೇಗೂ ಬಿಚ್ಚಲೇಬೇಕು, ಬಿಚ್ಚಿ ನೋಡೋಣ, ಆಮೇಲೆ ಡಬ್ಬಿ ತೆರೆಯಿರಿ ಅಂದೆ.

ಹೆಡರ್ ಬಗ್ಗೆ ನನಗೆ ದ್ವೇಷವಿಲ್ಲ. ರೇಸ್ ಪಟ್ಟಿಯ ಮೇಲೆ ಇಂಜಿನ್ನನ್ನು ಕೊನೆಯ ಉಸಿರಿನವರೆಗೆ ಓಡಿಸುವವರಿಗೆ ಅದರಿಂದ ಲಾಭ ಉಂಟು. ಒಂದೊಂದು ಸಿಲಿಂಡರಿನ ಹೊಗೆಗೂ ಪ್ರತ್ಯೇಕ ದಾರಿ ಸಿಗುವುದರಿಂದ ಮೇಲಿನ ಆರ್‌ಪಿಎಂನಲ್ಲಿ ಇಂಜಿನ್ ಸಲೀಸಾಗಿ ಉಸಿರಾಡುತ್ತದೆ. ಆದರೆ ತೇರಿನ ಹಾಗೆ ತೆವಳುವ ಮೆರವಣಿಗೆಯಲ್ಲಿ ಮೇಲಿನ ಆರ್‌ಪಿಎಂ ಎಲ್ಲಿಂದ ಬರಬೇಕು? ಬರುವುದು ತೆಳು ಉಕ್ಕಿನ ಗದ್ದಲ, ಬಾನೆಟ್ ಒಳಗಿನ ಕಾವು, ಆಗಾಗ ಸುಡುವ ಗ್ಯಾಸ್ಕೆಟ್, ಸ್ಪಾರ್ಕ್ ಪ್ಲಗ್ ಬಿಚ್ಚಲು ಕೈ ಹೋಗದ ಒದ್ದಾಟ, ಸ್ಪೀಡ್ ಬ್ರೇಕರಿಗೆ ತಾಗುವ ಕೊಳವೆ. ಬೀಡಿನ ಒಳಗೆ ಗ್ರಾಫೈಟ್ ಎಸಳು ಎಸಳಾಗಿ ಹರಡಿರುತ್ತದೆ. ಆ ಎಸಳುಗಳು ನಡುಕವನ್ನು ನುಂಗುತ್ತವೆ. ಬೀಡಿನ ಮ್ಯಾನಿಫೋಲ್ಡ್ ಇರುವ ಕಾರಿನ ಸದ್ದು ಗಂಭೀರವಾಗಿರುವುದಕ್ಕೆ ಅದೂ ಒಂದು ಕಾರಣ.

ಇನ್ನು ಬಿಚ್ಚುವ ವಿಷಯ. ಇಲ್ಲೇ ಅರ್ಧ ಮ್ಯಾನಿಫೋಲ್ಡ್‌ಗಳು ಸಾಯುವುದು. ಬೋಲ್ಟ್ ಯಾಕೆ ಮುರಿಯುತ್ತದೆ ಅನ್ನುವುದನ್ನು ತಿಳಿದವನು ಮುರಿಯುವುದು ಕಡಿಮೆ, ಹಾಗಾಗಿ ಸ್ವಲ್ಪ ಲೆಕ್ಕ ಕೇಳಿ. ಬೀಡು ಒಂದು ಡಿಗ್ರಿ ಬಿಸಿಗೆ ಮೀಟರಿಗೆ ಸುಮಾರು 12 ಮೈಕ್ರಾನ್ ಹಿಗ್ಗುತ್ತದೆ. ಅರ್ಧ ಮೀಟರ್ ಉದ್ದದ ಮ್ಯಾನಿಫೋಲ್ಡ್ 500 ಡಿಗ್ರಿ ಬಿಸಿಯಾದರೆ ಹಿಗ್ಗು ಹತ್ತಿರ ಹತ್ತಿರ 3 ಮಿಲಿಮೀಟರ್. ಅದು ಅಂಟಿಕೊಂಡಿರುವ ಸಿಲಿಂಡರ್ ಹೆಡ್ಡಿನೊಳಗೆ ನೀರು ಓಡಾಡುತ್ತಿರುತ್ತದೆ, ಅದು ನೂರು ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ, ಅಷ್ಟಾಗಿ ಹಿಗ್ಗುವುದಿಲ್ಲ. ಅಂದರೆ ಪ್ರತಿ ಸಲ ಕಾರು ಓಡಿಸಿದಾಗಲೂ ಮ್ಯಾನಿಫೋಲ್ಡ್ ಹೆಡ್ಡಿನ ಮೇಲೆ ಜಾರಿ, ಮತ್ತೆ ಹಿಂದಕ್ಕೆ ಬರುತ್ತದೆ. ನಡುವಿನ ಬೋಲ್ಟಿಗೆ ಇದು ಗೊತ್ತೇ ಆಗುವುದಿಲ್ಲ. ತುದಿಯ ಬೋಲ್ಟುಗಳನ್ನು ಮಾತ್ರ ಐವತ್ತು ವರ್ಷ ಯಾರೋ ಅತ್ತ ಇತ್ತ ಬಾಗಿಸಿದಂತೆ. ಜೊತೆಗೆ ತುಕ್ಕು. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ತಿನ್ನುವ ವಸ್ತು, ಮರೆಯ ಸಂದಿಯನ್ನೆಲ್ಲ ತುಂಬಿ ಬಿಗಿದುಕೊಂಡುಬಿಡುತ್ತದೆ. ಇಂಥದ್ದರ ಮೇಲೆ ಉದ್ದನೆಯ ಪಾನಾ ಹಾಕಿ ನೇತಾಡಿದರೆ ಏನಾಗಬೇಕೋ ಅದೇ ಆಗುತ್ತದೆ.

ನಮ್ಮ ಕೆಲಸ ಹೀಗೆ ನಡೆಯಿತು. ಬ್ಯಾಟರಿ ತಂತಿ ಬಿಚ್ಚಿ, ಕಾರನ್ನು ಗಟ್ಟಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ (ಬರೀ ಜಾಕ್ ನಂಬಿ ಕಾರಿನ ಕೆಳಗೆ ಮಲಗಬೇಡಿ, ಯಾವ ದೇಶದಲ್ಲೂ), ಪ್ಲಗ್ ವೈರುಗಳಿಗೆ ನಂಬರ್ ಚೀಟಿ ಅಂಟಿಸಿ, ಮೊದಲು ಮಾಡಿದ್ದು ಎಣ್ಣೆ ಬಿಡುವುದು. ತುಕ್ಕಿನೊಳಗೆ ಇಳಿಯುವ ಎಣ್ಣೆ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ, ಐದು ದಿನ. ಐದೂ ದಿನ ಪಾನಾ ಮುಟ್ಟುವ ಹಾಗಿಲ್ಲ. ಬೋಲ್ಟಿನ ತಲೆಯ ಮೇಲೆ ಸಣ್ಣ ಸುತ್ತಿಗೆಯಿಂದ ಟಕ್ ಟಕ್ ಅಂತ ನಾಲ್ಕು ಪೆಟ್ಟು, ಅಷ್ಟೇ. ಆ ನಡುಕಕ್ಕೆ ಎಣ್ಣೆ ಒಳಗೆ ಇಳಿಯುತ್ತದೆ. ಪಕ್ಕದ ಮನೆಯವರು ದಿನಾ ಕಾಫಿ ಕಪ್ ಹಿಡಿದು ಬಂದು, ನಾನು ಕಾರಿಗೆ ಅಭಿಷೇಕ ಮಾಡುವುದನ್ನು ನೋಡಿ ಹೋಗುತ್ತಿದ್ದರು. ನನ್ನಾಕೆಯಂತೂ, "ಏಳು ಸಮುದ್ರ ದಾಟಿ ಬಂದ್ರೂ ನಿಮ್ಮ ಕೈಗೆ ತುಕ್ಕ ಬೇಕೇನ್ರಿ?" ಅಂತ ಒಂದೇ ರಾಗ.

ಆರನೇ ದಿನ ಆರು ಮೂಲೆಯ ಸಾಕೆಟ್ ಹಾಕಿದೆವು. ಹನ್ನೆರಡು ಮೂಲೆಯದು ತುಕ್ಕು ತಿಂದ ತಲೆಯನ್ನು ಸವರಿ ದುಂಡಗೆ ಮಾಡಿಬಿಡುತ್ತದೆ. ಬೋಲ್ಟುಗಳು ತಿರುಗದ ಹಾಗೆ ಕಾರ್ಖಾನೆಯವರು ಅಡಿಗೆ ತಗಡಿನ ಕಿವಿ ಮಡಚಿರುತ್ತಾರೆ, ಮೊದಲು ಅದನ್ನು ಬಿಡಿಸಬೇಕು. ಆಮೇಲೆ ಸಡಿಲಿಸುವ ಮೊದಲು ಕೂದಲೆಳೆಯಷ್ಟು ಬಿಗಿಯುವ ಕಡೆಗೇ ತಿರುಗಿಸಬೇಕು. ಕೇಳಲು ಹುಚ್ಚುತನ, ಆದರೆ ತುಕ್ಕಿನ ಹಿಡಿತ ಒಡೆಯುವುದು ಹಾಗೆಯೇ. ಕಿರ್ ಅಂತ ಸದ್ದು ಬಂತೋ, ಗೆದ್ದಿರಿ. ಕಾಲು ಸುತ್ತು ಹಿಂದೆ, ಎಣ್ಣೆ, ಅರ್ಧ ಸುತ್ತು ಮುಂದೆ, ಮತ್ತೆ ಕಾಲು ಸುತ್ತು ಹಿಂದೆ. ಮಾತು ಕೇಳದ ಒಂದಕ್ಕೆ ಗ್ಯಾಸ್ ಜ್ವಾಲೆ ತೋರಿಸಿ, ಬಿಸಿ ಇರುವಾಗಲೇ ಮೇಣದಬತ್ತಿ ಒತ್ತಿದೆವು. ಮೇಣ ಕರಗಿ ಮರೆಯೊಳಗೆ ಇಳಿಯುತ್ತದೆ. (ಜ್ವಾಲೆ ಹಚ್ಚುವ ಮೊದಲು ಪೆಟ್ರೋಲ್ ಪೈಪು ಎಲ್ಲಿದೆ ನೋಡಿಕೊಳ್ಳಿ, ಎಣ್ಣೆಯನ್ನು ಒರೆಸಿ.)

ಬಲಗಡೆಯ ಕಟ್ಟಕಡೆಯ ಬೋಲ್ಟಿಗೆ ತಲೆಯೇ ಇರಲಿಲ್ಲ. ಹಿಂದೆ ಯಾವ ಗ್ಯಾರೇಜಿನವರೋ ಮುರಿದು, ಹಾಗೇ ಬಿಟ್ಟು, ಮೇಲೆ ಕಪ್ಪು ಪೇಸ್ಟ್ ಮೆತ್ತಿ ಕಳಿಸಿದ್ದರು. ಪೇಸ್ಟ್ ಮೆತ್ತುವವರು ನಮ್ಮಲ್ಲಿ ಮಾತ್ರ ಅಂದುಕೊಂಡಿದ್ದೆ! ಒಳಗೆ ಉಳಿದ ತುಂಡಿಗೆ ಒಂದು ನಟ್ ಇಟ್ಟು, ನಟ್ಟಿನ ತೂತಿನೊಳಗಿಂದಲೇ ಬೆಸುಗೆ ಹಾಕಿ, ಬೆಸುಗೆಯ ಕಾವು ಆರುವ ಮೊದಲು ಪಾನಾದಿಂದ ಮೆಲ್ಲಗೆ ತಿರುಗಿಸಿದರೆ ಹತ್ತರಲ್ಲಿ ಏಳೆಂಟು ಸಲ ಬರುತ್ತದೆ. ಕಾವು ಮತ್ತು ಹಿಡಿ ಎರಡೂ ಒಟ್ಟಿಗೆ ಸಿಗುವ ಉಪಾಯ ಇದು. ನಮ್ಮದು ಎರಡನೇ ನಟ್ಟಿಗೆ ಬಂತು. ಡ್ರಿಲ್ ಮಾಡಿ "ಈಜೀ ಔಟ್" ಹಾಕುವವರಿದ್ದಾರೆ. ಅಷ್ಟು ಸುಳ್ಳು ಹೆಸರಿನ ಸಾಮಾನು ಇನ್ನೊಂದಿಲ್ಲ. ಗಟ್ಟಿ ಉಕ್ಕಿನ ಆ ಸಾಮಾನೇ ಒಳಗೆ ಮುರಿದರೆ ಯಾವ ಡ್ರಿಲ್ಲೂ ಕಚ್ಚುವುದಿಲ್ಲ, ಆಮೇಲೆ ಹೆಡ್ಡನ್ನೇ ಇಳಿಸಬೇಕು.

ಮ್ಯಾನಿಫೋಲ್ಡ್ ಹೊರಗೆ ಬಂದು, ಮೇಲಿನ ತುಕ್ಕು ಉಜ್ಜಿದ ಮೇಲೆ ನನಗೆ ಬೇಕಾಗಿದ್ದು ಕಂಡಿತು. ಎರಕದಲ್ಲೇ ಉಬ್ಬಿಬಂದ ಅಕ್ಷರ, ಅಂಕಿ: ಎ 17 7. ಎ ಅಂದರೆ ಜನವರಿ, ಬಿ ಅಂದರೆ ಫೆಬ್ರವರಿ, ಹೀಗೆ. ಆಮೇಲೆ ತಾರೀಕು, ಕೊನೆಗೆ ವರ್ಷದ ಕಡೆಯ ಅಂಕಿ. 1967ರ ಜನವರಿ 17. ಅವತ್ತು ಮಂಗಳವಾರ. ಮಿಷಿಗನ್ನಿನ ಜನವರಿ ಅಂದರೆ ಹೊರಗೆ ಹಿಮ, ಒಳಗೆ ಕುಲುಮೆ. ಯಾರೋ ಒಬ್ಬ ಆ ಅಂಕಿಯ ಬಿಲ್ಲೆಯನ್ನು ಪ್ಯಾಟರ್ನಿಗೆ ಹಚ್ಚಿ, ಯಾರೋ ಮರಳು ಒತ್ತಿ, ಯಾರೋ ಕೋರ್ ಇಟ್ಟು, ಯಾರೋ ಲ್ಯಾಡಲ್ ಬಗ್ಗಿಸಿ ಹೊಯ್ದಿದ್ದಾರೆ. ಭೋಸರಿಯಲ್ಲಿ ನಮ್ಮ ಶಿಫ್ಟಿನವರೂ ದಿನಾ ಅದೇ ಮಾಡುತ್ತಿದ್ದೆವು. ಜಾತಕ ಅಂತ ನಾವು ಕರೆಯುತ್ತಿದ್ದುದು ಇದನ್ನೇ. ಗಿರಾಕಿಯಿಂದ ದೂರು ಬಂದರೆ ಆ ಅಂಕಿ ನೋಡಿ ಯಾವ ದಿನದ ಯಾವ ಕರಗಿನ ಮಾಲು ಅಂತ ಹುಡುಕಬಹುದು. ಪಕ್ಕದ ಮನೆಯವರಿಗೆ ಓದಿ ಹೇಳಿದೆ. ಅವರಿಗೆ ಆ ಅಂಕಿ ಇರುವುದೇ ಗೊತ್ತಿರಲಿಲ್ಲ. ತಂದೆ ಕಾರು ತಂದದ್ದು ಅದೇ ವರ್ಷದ ವಸಂತದಲ್ಲಂತೆ. ಅವರು ಡಬ್ಬಿಯ ಮಾತು ಎತ್ತದೇ ಹೋದದ್ದು ಆವತ್ತಿನಿಂದ.

ಭಾವನೆ ಬೇರೆ, ಬಿರುಕು ಬೇರೆ. ಪರೀಕ್ಷೆ ಆಗಲೇಬೇಕಿತ್ತು. ಮೊದಲ ಪರೀಕ್ಷೆಗೆ ದುಡ್ಡು ಬೇಡ. ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ಅಮ್ಮ ಬಡಿದು ನೋಡುತ್ತಿದ್ದಳಲ್ಲ, ಹಾಗೆ. ದಾರದಲ್ಲಿ ತೂಗುಹಾಕಿ ಸುತ್ತಿಗೆಯಿಂದ ತಟ್ಟಿದರೆ ಗಟ್ಟಿ ತುಂಡು ದನಿ ಕೊಡುತ್ತದೆ, ಒಡೆದದ್ದು ಬೊದ್ ಅನ್ನುತ್ತದೆ. ಎಡಗಡೆಯದು ಹಾಡಿತು. ಬಲಗಡೆಯದು ಹಾಡಲಿಲ್ಲ. ಎಲ್ಲಿ ಅಂತ ತಿಳಿಯಲು ಫೌಂಡ್ರಿಯ ಹಳೇ ಉಪಾಯ: ಚಿಮಣಿ ಎಣ್ಣೆಯಲ್ಲಿ ನೆನೆಸಿ, ಚೆನ್ನಾಗಿ ಒರೆಸಿ, ಸುಣ್ಣದ ಪುಡಿ ಹಚ್ಚಿ ಕಾಯುವುದು. ಬಿರುಕಿನೊಳಗೆ ಹೋದ ಎಣ್ಣೆ ಹೊರಗೆ ಬಂದು ಬಿಳಿಯ ಮೇಲೆ ಗೆರೆ ಎಳೆಯುತ್ತದೆ. ಕೆಂಪು ಬಣ್ಣದ ಸ್ಪ್ರೇ ಡಬ್ಬಿಗಳ ಸೆಟ್ಟೂ ಸಿಗುತ್ತದೆ, ಅದು ಇನ್ನೂ ಖಚಿತ; ನಾನು ಎರಡನ್ನೂ ಮಾಡಿದೆ. ನಡುವಿನ ಎರಡು ಪೋರ್ಟ್ ಸೇರುವ ಮೂಲೆಯಲ್ಲಿ ಎರಡಂಗುಲದ ಬಿರುಕು. ಈ ಇಂಜಿನ್ನಿನಲ್ಲಿ ನಡುವಿನ ಎರಡು ಎಕ್ಸಾಸ್ಟ್ ಪೋರ್ಟುಗಳು ಅಕ್ಕಪಕ್ಕ ಅಂಟಿಕೊಂಡಿರುವುದರಿಂದ ಕಾವು ಅಲ್ಲೇ ಹೆಚ್ಚು. ಸ್ಕೇಲ್ ಇಟ್ಟು ಫೀಲರ್ ಗೇಜ್ ತೂರಿಸಿದರೆ ಮುಖವೂ ಬಾಗಿತ್ತು. ಬೂದು ಬೀಡು 500 ಡಿಗ್ರಿಗೂ ಮೇಲೆ ಮತ್ತೆ ಮತ್ತೆ ಕಾದರೆ ಒಳಗಿನ ರಚನೆ ಬದಲಾಗಿ ಶಾಶ್ವತವಾಗಿ ಊದಿಕೊಳ್ಳುತ್ತದೆ. ತಣಿದರೂ ಹಳೇ ಅಳತೆಗೆ ಬರುವುದಿಲ್ಲ. ಮುದುಕರ ಬೆನ್ನಿನ ಹಾಗೆ. ಈಗಿನ ಕಾರುಗಳ ಎರಕದಲ್ಲಿ ಸಿಲಿಕಾನ್, ಮಾಲಿಬ್ಡಿನಂ ಸೇರಿಸುವುದು ಈ ಕಾಟಕ್ಕೇ.

ಬೀಡಿನ ಬೆಸುಗೆ ಎಲ್ಲರ ಕೈಗೆ ಬರುವ ಕೆಲಸವಲ್ಲ. ಅದರಲ್ಲಿ ಇಂಗಾಲ ಶೇಕಡಾ 3ರ ಆಚೀಚೆ. ತಣ್ಣನೆಯ ತುಂಡಿಗೆ ಸಾದಾ ರಾಡಿನಿಂದ ಬೆಸೆದರೆ ಬೆಸುಗೆಯ ಅಂಚು ಗಾಜಿನಷ್ಟು ಬಿರುಸಾಗಿ, ಪಕ್ಕದಲ್ಲೇ ಇನ್ನೊಂದು ಬಿರುಕು ಹುಟ್ಟುತ್ತದೆ. ಸರಿಯಾದ ದಾರಿ ಅಂದರೆ ಬಿರುಕಿನ ಎರಡೂ ತುದಿಗೆ ಸಣ್ಣ ತೂತು ಕೊರೆದು ಅದು ಮುಂದೆ ಓಡದಂತೆ ಕಟ್ಟಿಹಾಕಿ, ವಿ ಆಕಾರದಲ್ಲಿ ಕೊರೆದು, ಇಡೀ ತುಂಡನ್ನು ಕತ್ತಲಲ್ಲಿ ಮಂದ ಕೆಂಪು ಕಾಣುವ ತನಕ, ಅಂದರೆ 600 ಡಿಗ್ರಿ ಆಸುಪಾಸಿಗೆ ಕಾಯಿಸಿ, ಬೀಡಿನ ರಾಡಿನಿಂದಲೇ ಬೆಸೆದು, ಬೂದಿಯಲ್ಲಿ ಹುಗಿದು ಒಂದು ದಿನ ಪೂರ್ತಿ ಆರಲು ಬಿಡುವುದು. ನಿಕ್ಕಲ್ ರಾಡಿನಿಂದ ಅಂಗುಲ ಅಂಗುಲವಾಗಿ ಬೆಸೆದು, ಪ್ರತಿ ಸಲ ಸುತ್ತಿಗೆಯಿಂದ ತಟ್ಟಿ ತಣಿಸುವ ಪದ್ಧತಿಯೂ ಉಂಟು. ಹಿತ್ತಾಳೆ ಬೆಸುಗೆ ಮಾತ್ರ ಇಲ್ಲಿ ಬೇಡ, ಆ ಕಾವಿಗೆ ಅದು ಮೆತ್ತಗಾಗಿಬಿಡುತ್ತದೆ.

ಇದನ್ನು ಮಾಡುವವರನ್ನು ಹುಡುಕಲು ಮೂರು ವಾರ ಹಿಡಿಯಿತು! ಜಗತ್ತಿಗೆ ಕಾರು ಕೊಟ್ಟ ಊರಿನ ಪಕ್ಕದಲ್ಲಿ ಬೀಡು ಬೆಸೆಯುವವರು ಇಲ್ಲ ಅಂದರೆ ನಂಬುತ್ತೀರಾ? "ಅದನ್ನೇಕೆ ರಿಪೇರಿ, ಹೊಸದು ಸಿಗುತ್ತೆ" ಅನ್ನುವ ಉತ್ತರ ಎಲ್ಲ ಕಡೆ. ಕೊನೆಗೆ ಸಿಕ್ಕವರು ಎಪ್ಪತ್ತು ದಾಟಿದ ಒಬ್ಬ ವೆಲ್ಡರ್, ಕೆಲಸ ಕಲಿತದ್ದು ಟ್ರಾಕ್ಟರ್ ರಿಪೇರಿಯಲ್ಲಿ. ಅವರಿಗೆ ನನ್ನ ಇಂಗ್ಲಿಷ್ ಅರ್ಧ ತಿಳಿಯಲಿಲ್ಲ, ನನಗೆ ಅವರದ್ದು ಮುಕ್ಕಾಲು ತಿಳಿಯಲಿಲ್ಲ. ತುಂಡನ್ನು ತಟ್ಟಿ ದನಿ ಕೇಳಿದರು, ನನ್ನ ಮುಖ ನೋಡಿದರು, ತಲೆ ಆಡಿಸಿದರು. ಅವರ ಹತ್ತಿರ ಕಲಿಯಲು ಯಾರೂ ಇಲ್ಲವಂತೆ.

ಅಷ್ಟರಲ್ಲಿ ಆಗಸ್ಟ್ 17 ಬಂದು ಹೋಯಿತು. ಕಾರಿನ ಇಂಜಿನ್ ಬೋಳು. ನಾವೆಲ್ಲ ಮಡಿಚುವ ಕುರ್ಚಿ ಒಯ್ದು ವುಡ್‌ವರ್ಡ್ ಪಕ್ಕದಲ್ಲಿ ಕೂತು ಬೇರೆಯವರ ಕಾರು ನೋಡಿದೆವು. ಅಜ್ಜಿಯೂ ಬಂದಿದ್ದರು. ಆವತ್ತು ನನ್ನ ಮಗ ಹೇಳಿದ್ದನ್ನು ಇಲ್ಲಿ ಬರೆಯಲೇಬೇಕು, ಯಾಕೆಂದರೆ ನನ್ನ ವಾದಕ್ಕೆ ಇದಕ್ಕಿಂತ ಗಟ್ಟಿ ಪ್ರತಿವಾದ ಇಲ್ಲ: "ಎಂಬತ್ತೇಳು ವರ್ಷದವರಿಗೆ ಮುಂದಿನ ವರ್ಷ ಅಂತ ಹೇಳೂದು ಸರೀನಾ ಅಪ್ಪಾ? ಕಬ್ಬಿಣಕ್ಕ ಅವಸರ ಇಲ್ಲ, ಅವರಿಗೆ ಅದ." ಸುಲಭವಾಗಿ ತಳ್ಳಿಹಾಕುವ ಮಾತಲ್ಲ ಇದು. ಆದರೂ ನನ್ನ ಅಭಿಪ್ರಾಯ ಬದಲಾಗಿಲ್ಲ. ಅವಸರದಲ್ಲಿ ಹೆಡರ್ ಹಾಕಿದ್ದರೆ ಮುರಿದ ಬೋಲ್ಟು ಒಳಗೇ ಉಳಿಯುತ್ತಿತ್ತು, ಹೊಗೆ ಅದೇ ಮೂಲೆಯಿಂದ ಬರುತ್ತಿತ್ತು, ಮುಂದಿನ ಸೀಟಿನಲ್ಲಿ ಕೂರುವವರು ಅಜ್ಜಿಯೇ. ಮತ್ತೆ, ಅವರು ಕೂರಬೇಕು ಅಂದದ್ದು ಗಂಡ ತಂದ ಕಾರಿನಲ್ಲಿ. ಅದರ ಒಂದೊಂದೇ ತುಂಡನ್ನು ಸಮಯವಿಲ್ಲ ಅಂತ ಬದಲಿಸುತ್ತಾ ಹೋದರೆ ಗಂಡ ತಂದದ್ದು ಯಾವುದು ಉಳಿಯುತ್ತದೆ, ನಂಬರ್ ಪ್ಲೇಟೇ?

ನಮ್ಮ ದೇಶದಲ್ಲಿ ಈ ಪ್ರಶ್ನೆಗೆ ಕಾನೂನೇ ಒಂದು ಉತ್ತರ ಬರೆದಿದೆ. 2021ರ ಜುಲೈನಲ್ಲಿ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ವಾಹನಗಳಿಗೆ "ವಿಂಟೇಜ್" ಅನ್ನುವ ದರ್ಜೆ, ನಂಬರಿನಲ್ಲಿ "ವಿಎ" ಅಕ್ಷರ ಕೊಟ್ಟರು. ಶರತ್ತು ಏನೆಂದರೆ ವಾಹನ ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಇಂಜಿನ್ ಇವುಗಳಲ್ಲಿ ದೊಡ್ಡ ಬದಲಾವಣೆ ಕೂಡದು. ಒಳ್ಳೆಯ ನಿಯಮ. ಆದರೆ ಮೂಲ ರೂಪದಲ್ಲಿ ಇಡು ಅಂತ ಬರೆದವರು, ಇಡುವ ಕೈಗಳು ಎಲ್ಲಿವೆ ಅಂತ ಕೇಳಿದ್ದಾರೆಯೇ? ಕುರ್ಲಾದಲ್ಲಿ ಹುಟ್ಟಿದ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರ್ 30ರಿಂದ ಮುಂಬೈ ರಸ್ತೆಯಲ್ಲಿಲ್ಲ. 20 ವರ್ಷದ ವಯೋಮಿತಿ ಮುಗಿಯಿತು, ಸರಿ, ವಾದವಿಲ್ಲ. ಆದರೆ ಅವುಗಳ ಜೊತೆಗೆ ಕಣ್ಣು ಮುಚ್ಚಿ ಬಿಚ್ಚಿ ಜೋಡಿಸಬಲ್ಲ ಮೇಸ್ತ್ರಿಗಳಿಗೂ ಕೆಲಸ ಹೋಯಿತು. ಅಂಬಾಸಡರ್ 2014ರಲ್ಲಿ ಉತ್ತರಪಾರಾದಲ್ಲಿ ನಿಂತಿತು. ಅದರ 1489 ಸಿಸಿ ಇಂಜಿನ್ನಿನಲ್ಲಿ ಗಾಳಿ ಒಳಗೆ ಹೋಗುವುದೂ ಹೊಗೆ ಹೊರಗೆ ಬರುವುದೂ ಒಂದೇ ಬದಿಗೆ. ಅಲ್ಲಿ ಮುಖ ಬಾಗಿದ್ದರೆ ಎರಡೂ ಕಡೆ ಸೋರುತ್ತದೆ. ಪುಣೆಯ ಜುನಾ ಬಜಾರಿನಲ್ಲಿ ಭಾನುವಾರ ಸುತ್ತಾಡಿದರೆ ಇಂಥ ಬೀಡಿನ ತುಂಡುಗಳು ಕಿಲೋ ಲೆಕ್ಕದಲ್ಲಿ ಬಿದ್ದಿರುವುದನ್ನು ಕಾಣಬಹುದು. ಬಿರುಕು ಬಿಟ್ಟದ್ದು ಯಾವುದು, ಗಟ್ಟಿ ಇರುವುದು ಯಾವುದು ಅಂತ ತಟ್ಟಿ ನೋಡುವವರನ್ನು ನಾನು ಕಂಡಿಲ್ಲ. ಅಮೆರಿಕದವರಿಗೆ ಹೊಸ ಎರಕದ ನಕಲಾದರೂ ಸಿಗುತ್ತದೆ, ಜನಪ್ರಿಯ ಮಾಡೆಲ್‌ಗಳಿಗೆ ಮಾಡಿ ಮಾರುವವರಿದ್ದಾರೆ. ನಮ್ಮ ಪದ್ಮಿನಿಗೆ ಯಾರು ಮಾಡುತ್ತಾರೆ? ಕೊಲ್ಹಾಪುರ, ಬೆಳಗಾವಿ ತುಂಬ ಫೌಂಡ್ರಿಗಳಿವೆ, ಮನಸ್ಸು ಮಾಡಿದರೆ ಆಗದ್ದೇನಲ್ಲ. ಆದರೆ ಇಪ್ಪತ್ತು ತುಂಡಿನ ಆರ್ಡರಿಗೆ ಯಾವ ಮಾಲೀಕ ಪ್ಯಾಟರ್ನ್ ಮಾಡಿಸುತ್ತಾನೆ? ಹಾಗಾಗಿ ಇರುವುದನ್ನು ಉಳಿಸಿಕೊಳ್ಳುವುದು ನಮಗೆ ಶೋಕಿಯಲ್ಲ, ಬೇರೆ ದಾರಿಯೇ ಇಲ್ಲ.

ಉಳಿದ ಕೆಲಸ ಬೇಗ ಹೇಳಿ ಮುಗಿಸುತ್ತೇನೆ. ತುಕ್ಕು ತೆಗೆದದ್ದು ವಾಷಿಂಗ್ ಸೋಡಾ ನೀರಿನಲ್ಲಿ ಮುಳುಗಿಸಿ, ಬ್ಯಾಟರಿ ಚಾರ್ಜರಿನಿಂದ ಕರೆಂಟ್ ಹಾಯಿಸಿ. ಮ್ಯಾನಿಫೋಲ್ಡಿಗೆ ಋಣ, ಬೇಡದ ಸಾದಾ ಕಬ್ಬಿಣದ ತಗಡಿಗೆ ಧನ. ತಗಡು ಸ್ಟೇನ್‌ಲೆಸ್ ಆಗಿರಕೂಡದು, ನೀರಿಗೆ ಕ್ರೋಮಿಯಂ ವಿಷ ಸೇರುತ್ತದೆ. ಹೈಡ್ರೋಜನ್ ಗುಳ್ಳೆ ಬರುತ್ತದೆ, ಹಾಗಾಗಿ ಬಯಲಲ್ಲೇ ಮಾಡಬೇಕು, ಬೆಂಕಿ ಹತ್ತಿರ ಇರಕೂಡದು. ಮಶೀನ್ ಶಾಪಿನಲ್ಲಿ ನಾಲ್ಕೂ ಪೋರ್ಟಿನ ಮುಖವನ್ನು ಒಂದೇ ಸಮತಲಕ್ಕೆ, ಎಷ್ಟು ಕಡಿಮೆಯೋ ಅಷ್ಟು ಮಾತ್ರ ಸವರಿಸಿದೆವು. ಬಲಗಡೆ ಹೊಗೆಯ ಕಾವನ್ನು ಕಾರ್ಬ್ಯುರೇಟರ್ ಕಡೆ ತಿರುಗಿಸುವ ಸಣ್ಣ ಕವಾಟ ಒಂದು ಇರುತ್ತದೆ, ಸ್ಪ್ರಿಂಗ್ ತಾನೇ ಕಾದು ಬಿಚ್ಚಿಕೊಳ್ಳುವಂಥದ್ದು. ಜನ ಅದನ್ನು ಕತ್ತರಿಸಿ ಎಸೆಯುತ್ತಾರೆ. ಎರಡು ದಿನ ಎಣ್ಣೆ ಕುಡಿಸಿದ್ದಕ್ಕೆ ಆಡಿತು. ಬಣ್ಣದ ಬಗ್ಗೆ ಮಾತ್ರ ಜಗಳವಾಯಿತು. ಅವರಿಗೆ ಥಳಥಳ ಸಿರಾಮಿಕ್ ಬೇಕು. ಕಾರ್ಖಾನೆಯಿಂದ ಬಂದಾಗಲೇ ಅದು ಬೋಳು ಬೀಡು, ಕೆಲವೇ ದಿನದಲ್ಲಿ ಕಂದಾಗುವಂಥದ್ದು. ಬೆಳ್ಳಿಯ ಹಾಗೆ ಹೊಳೆದರೆ ಅದು ಮದುವೆಮನೆಯ ಬೀಗರ ಹಲ್ಲಿನ ಸೆಟ್ಟು. ಕೊನೆಗೆ ಬೀಡಿನದೇ ಬೂದು ಬಣ್ಣದ, ಕಾವು ತಡೆಯುವ ಪೇಂಟಿಗೆ ರಾಜಿಯಾಯಿತು.

ಸೆಪ್ಟೆಂಬರ್ ಮೂರನೇ ವಾರ, ಯಾವ ಜಾತ್ರೆಯೂ ಇಲ್ಲದ ಒಂದು ಬುಧವಾರ ಸಂಜೆ, ಅಜ್ಜಿ ಮುಂದಿನ ಸೀಟಿನಲ್ಲಿ ಕೂತು ವುಡ್‌ವರ್ಡ್‌ನಲ್ಲಿ ಹೋಗಿ ಬಂದರು. ಚಳಿ ಅಂತ ಹೀಟರ್ ಹಾಕಿಸಿಕೊಂಡರಂತೆ. ತಲೆನೋವು ಬಂತೇ ಅಂತ ನಾನು ಕೇಳಿದೆ. ಇಲ್ಲ ಅಂದರು, ಆದರೆ ಕಾರು ಮೊದಲಿನಷ್ಟು ಸದ್ದು ಮಾಡುತ್ತಿಲ್ಲ, ಏನೋ ಕಡಿಮೆಯಾಗಿದೆ ಅಂತ ಮಗನ ಮೇಲೆ ದೂರು.

ಆ ಬೆಸುಗೆ ಎಷ್ಟು ವರ್ಷ ನಿಲ್ಲುತ್ತದೋ ಹೇಳಲು ಬರುವುದಿಲ್ಲ. ಹತ್ತು ವರ್ಷ ನಿಂತರೆ ಸಂತೋಷ. ನಿಲ್ಲದಿದ್ದರೆ ಮತ್ತೆ ಬಿಚ್ಚಬೇಕು, ಅಷ್ಟೇ. ಈ ಸಲ ಪ್ರತಿ ಬೋಲ್ಟಿನ ಮರೆಗೂ ಆಂಟಿ-ಸೀಜ್ ಹಚ್ಚಿ, ನಡುವಿನಿಂದ ತುದಿಯ ಕಡೆಗೆ ಬಿಗಿದು, ಒಮ್ಮೆ ಕಾದು ಆರಿದ ಮೇಲೆ ಇನ್ನೊಮ್ಮೆ ನೋಡಿದ್ದೇವೆ. ಬಿಚ್ಚುವವರು ಯಾರೇ ಆಗಲಿ, ಅವರಿಗೆ ಐದು ದಿನದ ಅಭಿಷೇಕ ಬೇಕಾಗುವುದಿಲ್ಲ.